ಸೀತಾರಾಮ ಸುಬೇದಾರನ ಆತ್ಮಕಥೆ: ಪ್ರಾಮಾಣ್ಯ ವಿಚಾರ

ಭಾರತದ ಸೈನಿಕ ಚರಿತ್ರೆಯ ಆಕರಗಳನ್ನು ಪರಿಶೀಲಿಸುವವರಿಗೆ ಒಂದು ಕೊರತೆ ಮೊದಲಿಗೇ ಎದ್ದು ಕಾಣುತ್ತದೆ. ಈಸ್ಟ್ ಇಂಡಿಯಾ ಕಂಪೆನಿಯ ಯುದ್ಧಗಳನ್ನು ಕುರಿತು ಸೇನಾನಿಗಳ ವರದಿಗಳೂ ಗವರ್ನರುಗಳ ಪತ್ರವ್ಯವಹಾರವೂ ಅಧಿಕಾರಿಗಳ ದಿನಚರಿಗಳೂ ಹೇರಳವಾಗಿ ದೊರೆಯುತ್ತವೆ. ಆದರೆ ಆ ಯುದ್ಧಗಳಲ್ಲಿ ಕಾದಿದವರಲ್ಲಿ ಬಹುಸಂಖ್ಯಾತರಾದ ದೇಶೀಯ ಸಿಪಾಯಿಗಳು ತಾವಾಗಿ ಬರೆದಿಟ್ಟುದು ಅತ್ಯಲ್ಪ. ಈ ಕಾರಣದಿಂದಲೇ ‘ಸಿಪಾಯಿಯಿಂದ ಸುಬೇದಾರನವರೆಗೆ’ ಎಂಬ ಅರ್ಥದ ಹೆಸರುಳ್ಳ ಇಂಗ್ಲಿಷ್ ಗ್ರಂಥಕ್ಕೆ ವಿದ್ವಾಂಸರಲ್ಲಿ ವಿಶೇಷ ಮನ್ನಣೆ ದೊರೆತಿದೆ. ಸೀತಾರಾಮ ಪಾಂಡೆ ಎಂಬ ಅವಧ ಪ್ರಾಂತದ ಬ್ರಾಹ್ಮಣ ಸಿಪಾಯಿಯ ಆತ್ಮಕಥೆಯೆಂದು ಪ್ರಸಿದ್ಧವಾಗಿರುವ ಈ ಗ್ರಂಥವನ್ನು ನಮ್ಮ ತರಗತಿಗಳಲ್ಲಿ ಯಾವ ಮಟ್ಟಿಗೆ ಪ್ರಮಾಣವಾಗಿ ಬಳಸಬಹುದೆಂಬುದೇ ಇಲ್ಲಿ ನಾವು ವಿಚಾರಿಸಬೇಕೆಂದಿರುವ ವಿಷಯ.

ಮೊದಲು ಗ್ರಂಥದ ಚರಿತ್ರೆಯನ್ನು ನೋಡೋಣ. ಇದನ್ನು ಲೆಫ್ಟಿನೆಂಟ್ ಕರ್ನಲ್ ನಾರ್ಗೇಟ್ ಎಂಬ ಬಂಗಾಳ ಸೈನ್ಯದ ಅಧಿಕಾರಿಯು ಇಂಗ್ಲಿಷಿಗೆ ಅನುವಾದಿಸಿ ೧೮೭೩ರಲ್ಲಿ ಲಾಹೋರಿನಲ್ಲಿ ಪ್ರಕಟಿಸಿದನು. ಮೂಲದ ಹಸ್ತಪ್ರತಿ ಇದುವರೆಗೆ ಯಾರಿಗೂ ದೊರೆತಿಲ್ಲ. ೧೯೧೧ರ ಸುಮಾರಿಗೆ ಫಿಲ್ಲಟ್ ಎಂಬ ಭಾಷಾವಿದ್ವಾಂಸನಾದ ಅಧಿಕಾರಿಯು ಈ ಇಂಗ್ಲಿಷ್ ಪಾಠವನ್ನು ಉರ್ದುವಿಗೆ ತಿರುಗಿಸಿ ‘ಖ್ವಾಬ್-ಓ-ಖಯಾಲ್’ ಎಂದು ಹೆಸರಿಟ್ಟನು. ಅದು ಇಂಗ್ಲಿಷ್ ಅಧಿಕಾರಿಗಳ ಭಾಷಾಪರೀಕ್ಷೆಗೆ ಪಠ್ಯವಾಯಿತು. ೧೯೭೦ರಲ್ಲಿ ಜೇಮ್ಸ್ ಲಂಟ್ ಇಂಗ್ಲಿಷ್ ಪಾಠವನ್ನು ಪರಿಷ್ಕರಿಸಿ ಹೊರತಂದ ಮೇಲೆ ಅದು ಹೊಸ ತಲೆಮಾರಿನ ಓದುಗರಿಗೆ ಸುಲಭವಾಗಿ ಒದಗಿತು. ಹೀಗೆ, ದೇಶಭಾಷೆಯಲ್ಲಿ ಹುಟ್ಟಿತೆನ್ನಲಾದ ಕಥೆಯೊಂದು ಇಂಗ್ಲಿಷಿನ ಮೂಲಕವೇ ದೇಶಭಾಷೆಗೆ ಮರಳಿ, ಸಿಪಾಯಿಗಳನ್ನು ಆಳುವವರಿಗೆ ಸಿಪಾಯಿಯ ಮಾತನ್ನು ಕಲಿಸುವ ಸಾಧನವಾಯಿತು. ಈ ಒಂದು ವಿಪರ್ಯಾಸವೇ ನಮ್ಮನ್ನು ಎಚ್ಚರಿಸಲು ಸಾಕು.

ಕಥೆಯ ಸ್ಥೂಲರೂಪ ಇಷ್ಟು. ಜಮಾದಾರನಾಗಿದ್ದ ಸೋದರಮಾವನ ವೈಭವವನ್ನು ಕಂಡು ಮನಸೋತ ಹುಡುಗನು ತಾಯಿಯ ವಿರೋಧವನ್ನು ಲೆಕ್ಕಿಸದೆ ೧೮೧೨ರಲ್ಲಿ ಸೈನ್ಯವನ್ನು ಸೇರುತ್ತಾನೆ. ಗೂರ್ಖಾ ಯುದ್ಧ, ಪಿಂಡಾರಿಗಳ ದಮನ, ಭರತಪುರದ ಮುತ್ತಿಗೆ, ಮೊದಲನೆಯ ಆಫ್ಘನ್ ಯುದ್ಧ, ಸಿಖ್ಖರೊಡನೆ ನಡೆದ ಯುದ್ಧ ಇವೆಲ್ಲವನ್ನೂ ಹಾದು, ೧೮೫೭ರಲ್ಲಿ ಕಂಪೆನಿಯ ಪಕ್ಷದಲ್ಲಿಯೇ ಉಳಿದು, ಕೊನೆಗೆ ಸುಬೇದಾರನಾಗಿ ವೃದ್ಧಾಪ್ಯದಲ್ಲಿ ನಿವೃತ್ತನಾಗುತ್ತಾನೆ. ಬಂಡೆದ್ದವರಲ್ಲಿ ಸೆರೆಸಿಕ್ಕಿ ಗುಂಡಿಗೆ ಗುರಿಯಾಗಬೇಕಾದವರ ನಡುವೆ ತನ್ನ ಮಗನೇ ಇದ್ದುದನ್ನು ಅವನು ಕಂಡ ಪ್ರಸಂಗ ಗ್ರಂಥದ ಅತ್ಯಂತ ಕರುಣಾಜನಕವಾದ ಭಾಗ.

ಈ ಕಥೆಯನ್ನು ಸಂಶಯಿಸುವವರ ವಾದ ದುರ್ಬಲವಾದುದಲ್ಲ. ೧೯೫೯ರಲ್ಲಿ ಸರ್ ಪ್ಯಾಟ್ರಿಕ್ ಕ್ಯಾಡೆಲ್ ಇದರ ಪ್ರಾಮಾಣ್ಯವನ್ನು ಪ್ರಶ್ನಿಸಿದರು. ಮೂಲವಿಲ್ಲದ ಅನುವಾದ, ಅರ್ಧ ಶತಮಾನದ ಪ್ರಮುಖ ಯುದ್ಧಗಳಲ್ಲೆಲ್ಲಾ ಒಬ್ಬನೇ ವ್ಯಕ್ತಿಯ ಉಪಸ್ಥಿತಿ, ಇವೆರಡೂ ಸಹಜವಾಗಿಯೇ ಶಂಕೆಗೆ ಎಡೆಕೊಡುತ್ತವೆ. ಇದಕ್ಕೆ ನಾವು ಮತ್ತೊಂದನ್ನು ಸೇರಿಸಬಯಸುತ್ತೇವೆ. ಹಿಂದಿನ ಕಾಲದ ಸಾಹೇಬರು ದೇಶಭಾಷೆಯನ್ನು ಚೆನ್ನಾಗಿ ಬಲ್ಲವರಾಗಿದ್ದರು, ಸಿಪಾಯಿಗಳೊಡನೆ ಕುಸ್ತಿಯಾಡುತ್ತಿದ್ದರು, ಅವರೊಡನೆ ನಾಚ್ ನೋಡುತ್ತಿದ್ದರು. ಈಗಿನವರು ದೂರವಾಗಿದ್ದಾರೆ ಎಂದು ಗ್ರಂಥಕಾರನು ಕೊರಗುತ್ತಾನೆ. ೧೮೫೭ರ ಅನಂತರ ದಂಗೆಗೆ ಕಾರಣವನ್ನು ಹುಡುಕುತ್ತಿದ್ದ ಇಂಗ್ಲಿಷ್ ಅಧಿಕಾರಿಗಳಲ್ಲಿ ಪ್ರಚಲಿತವಾಗಿದ್ದ ವಿವರಣೆಯೂ ಇದೇ. ಆಳುವವರು ಕೇಳಬಯಸಿದ ಮಾತನ್ನೇ ಸಿಪಾಯಿಯು ಆಡಿದಾಗ ಆ ಮಾತು ಯಾರದೆಂದು ಕೇಳುವುದು ವಿಮರ್ಶಕನ ಕರ್ತವ್ಯ.

ಆದರೆ ಇಷ್ಟರಿಂದಲೇ ಗ್ರಂಥವನ್ನು ಕಟ್ಟುಕಥೆಯೆಂದು ಬದಿಗೊತ್ತುವುದು ನ್ಯಾಯವಲ್ಲ. ಅನುವಾದಕನ ಪ್ರಯೋಜನಕ್ಕೆ ಒದಗುವ ಮಾತುಗಳನ್ನೂ ಒದಗದ ಮಾತುಗಳನ್ನೂ ಬೇರ್ಪಡಿಸಿ, ಎರಡನೆಯ ಬಗೆಯವನ್ನು ಇತರ ಆಕರಗಳೊಡನೆ ತೂಗಿನೋಡುವುದು ನಮಗೆ ಯುಕ್ತವೆಂದು ತೋರುತ್ತದೆ. ಗಾಯಗೊಂಡು ಬಾಯಾರಿ ಬಿದ್ದಿದ್ದಾಗ ಕೆಳಜಾತಿಯ ಹುಡುಗಿಯೊಬ್ಬಳ ಕೈಯಿಂದ ನೀರು ಕುಡಿದುದಕ್ಕಾಗಿ ಊರಿನಲ್ಲಿ ಜಾತಿಭ್ರಷ್ಟನೆನಿಸಿ, ಹಣ ತೆತ್ತು ಪ್ರಾಯಶ್ಚಿತ್ತ ಮಾಡಿಕೊಳ್ಳಬೇಕಾಯಿತೆಂಬ ವೃತ್ತಾಂತ ಇಂಥದು. ರಣರಂಗದಲ್ಲಿ ಉಳಿದುಬಂದ ಜೀವಕ್ಕೆ ಊರಿನಲ್ಲಿ ದಂಡ ತೆರಬೇಕಾದ ಈ ಅವಸ್ಥೆಯನ್ನು ಯಾವ ಸೇನಾನಿಯ ವರದಿಯೂ ಹೇಳುವುದಿಲ್ಲ. ಸಿಂಧೂನದಿಯನ್ನು ದಾಟುವುದರಿಂದ ಧರ್ಮಹಾನಿಯಾಗುವುದೆಂಬ ಅಳುಕೂ ಇದೇ ಬಗೆಯದು. ಹೊರನಾಡಿನ ಸೇವೆಯ ವಿಷಯದಲ್ಲಿ ಸಿಪಾಯಿಗಳ ಅಸಮಾಧಾನವು ಕೇವಲ ಕಲ್ಪನೆಯಲ್ಲವೆಂಬುದಕ್ಕೆ, ಸಿಂಧ್ ಪ್ರಾಂತಕ್ಕೆ ಹೋಗಲು ಭತ್ಯದ ಕಾರಣದಿಂದ ನಿರಾಕರಿಸಿದ ಬಂಗಾಳದ ೩೪ನೆಯ ದೇಶೀಯ ಪದಾತಿದಳವನ್ನು ೧೮೪೪ರಲ್ಲಿ ವಿಸರ್ಜಿಸಿದುದೇ ಸಾಕ್ಷಿ. ಬಡ್ತಿಯ ನಿಧಾನಗತಿಯ ವಿಷಯದಲ್ಲಿಯೂ ಹಾಗೆಯೇ. ಬಂಗಾಳ ಸೈನ್ಯದಲ್ಲಿ ಬಡ್ತಿ ಸೇವಾಹಿರಿತನವನ್ನು ಅನುಸರಿಸುತ್ತಿದ್ದುದರಿಂದ ದೇಶೀಯನು ಸುಬೇದಾರನಾಗುವ ವೇಳೆಗೆ ಮುದುಕನಾಗಿರುತ್ತಿದ್ದನೆಂಬುದು ಬೇರೆ ಆಕರಗಳಿಂದಲೂ ವಿದಿತವಾಗಿರುವ ಸಂಗತಿ.

ಗ್ರಂಥದ ನಿಜವಾದ ಬೆಲೆ ಆಫ್ಘನ್ ಯುದ್ಧದ ಭಾಗದಲ್ಲಿ ತಿಳಿಯುತ್ತದೆ. ೧೮೪೨ರ ಜನವರಿ ೬ರಂದು ಕಾಬೂಲನ್ನು ಬಿಟ್ಟು ಹೊರಟ ದಂಡಿನಲ್ಲಿ ಸುಮಾರು ೪,೫೦೦ ಸೈನಿಕರೂ ೧೨,೦೦೦ ಪರಿಚಾರಕರೂ ಇದ್ದರು. ಸೈನಿಕರಲ್ಲಿ ಐರೋಪ್ಯರು ಸುಮಾರು ೭೦೦ ಮಂದಿ ಮಾತ್ರ. ಜನವರಿ ೧೩ರಂದು ಡಾಕ್ಟರ್ ಬ್ರೈಡನ್ ಎಂಬ ವೈದ್ಯನು ಬಳಲಿದ ಕುದುರೆಯ ಮೇಲೆ ಜಲಾಲಾಬಾದನ್ನು ಮುಟ್ಟಿದನು. ‘ಅಷ್ಟು ದೊಡ್ಡ ಸೈನ್ಯದಲ್ಲಿ ಒಬ್ಬನೇ ಒಬ್ಬನು ಉಳಿದನು’ ಎಂಬ ವಾಕ್ಯವನ್ನು ನಾವೆಲ್ಲರೂ ಪಠ್ಯಪುಸ್ತಕಗಳಲ್ಲಿ ಓದಿದ್ದೇವೆ. ತರಗತಿಯಲ್ಲಿ ಹೇಳಿಯೂ ಇದ್ದೇವೆ. ಈ ವಾಕ್ಯ ಸತ್ಯವಲ್ಲ. ಸೆರೆಯಾಳುಗಳಾಗಿ ಉಳಿದ ಇಂಗ್ಲಿಷ್ ಅಧಿಕಾರಿಗಳೂ ಮಹಿಳೆಯರೂ ಅದೇ ವರ್ಷದ ಸೆಪ್ಟೆಂಬರಿನಲ್ಲಿ ಬಿಡುಗಡೆ ಹೊಂದಿದರು. ಅವರಲ್ಲೊಬ್ಬಳಾದ ಲೇಡಿ ಸೇಲ್ ಬರೆದ ದಿನಚರಿ ೧೮೪೩ರಲ್ಲಿಯೇ ಅಚ್ಚಾಯಿತು. ಇವರಲ್ಲದೆ ಅನೇಕ ಸಿಪಾಯಿಗಳೂ ಪರಿಚಾರಕರೂ ಬದುಕಿದ್ದರು. ಹಿಮದಲ್ಲಿ ಕೈಕಾಲು ಕಳೆದುಕೊಂಡು ಕಾಬೂಲಿನ ಬೀದಿಗಳಲ್ಲಿ ಭಿಕ್ಷೆ ಬೇಡಿದವರು, ದಾಸರಾಗಿ ಮಾರಾಟಗೊಂಡವರು ಅವರು. ಅವರ ಪಾಲಿಗೆ ದಿನಚರಿಯಿಲ್ಲ. ಸೀತಾರಾಮನಾದರೋ ತಾನು ಸೆರೆಸಿಕ್ಕಿ ಕಾಬೂಲಿನಲ್ಲಿ ದಾಸನಾಗಿ ಮಾರಲ್ಪಟ್ಟುದನ್ನೂ, ತಪ್ಪಿಸಿಕೊಂಡು ಬಂದ ಮೇಲೆ ಸ್ವಜನರಿಂದಲೇ ಮತ್ತೆ ಬಹಿಷ್ಕೃತನಾದುದನ್ನೂ ಹೇಳುತ್ತಾನೆ. ಇದು ಅವನದೇ ಅನುಭವವೋ, ಅವನು ಕೇಳಿದ ಸಂಗಾತಿಗಳ ಅನುಭವವೋ, ಅನುವಾದಕನು ಹಲವರ ಬಾಯಿಂದ ಸಂಗ್ರಹಿಸಿದುದೋ, ನಿಶ್ಚಯವಾಗಿ ಹೇಳುವಂತಿಲ್ಲ. ಆದರೆ ‘ಒಬ್ಬನೇ ಉಳಿದನು’ ಎಂಬ ಲೆಕ್ಕದಲ್ಲಿ ಯಾರನ್ನು ಎಣಿಸಲಿಲ್ಲವೆಂಬುದನ್ನು ಈ ಸಂಶಯಾಸ್ಪದ ಗ್ರಂಥವೇ ನಮಗೆ ನೆನಪುಮಾಡಿಕೊಡುತ್ತದೆ.

ಸಿಪಾಯಿಯ ಪರವಾಗಿ ಇನ್ನೊಬ್ಬರು ಮಾತನಾಡುವುದು ಕಂಪೆನಿಯ ಕಾಲದಲ್ಲಿ ಮೊದಲಾದುದಲ್ಲ. ನಮ್ಮ ವೀರಗಲ್ಲುಗಳನ್ನೇ ನೋಡಬಹುದು. ತಕ್ಕೋಲದ ಯುದ್ಧವನ್ನು ಉಲ್ಲೇಖಿಸುವ ಆತಕೂರಿನ ಹತ್ತನೆಯ ಶತಮಾನದ ಶಾಸನದಲ್ಲಿ ಮಣಲೇರನೆಂಬ ವೀರನು ತನ್ನ ಪರಾಕ್ರಮಕ್ಕೆ ಪ್ರತಿಫಲವಾಗಿ ಒಡೆಯನ ಬಳಿ ಕಾಳಿಯೆಂಬ ನಾಯಿಯನ್ನು ಬೇಡಿ ಪಡೆದನೆಂದಿದೆ. ಆ ವೀರನ ಸ್ವಂತ ಮಾತು ನಮಗೆ ಉಳಿದಿಲ್ಲ. ಕಲ್ಲಿನ ಮೇಲಿರುವುದು ಕಲ್ಲು ನಿಲ್ಲಿಸಿದವರ ಮಾತು. ಆದರೂ ಊರನ್ನೋ ಹೊನ್ನನ್ನೋ ಬೇಡದೆ ನಾಯಿಯನ್ನು ಬೇಡಿದನೆಂಬ ಆ ಒಂದು ವಿವರದಲ್ಲಿ ಪ್ರಶಸ್ತಿಯ ರೂಢಿಗೆ ಒಳಪಡದ ವ್ಯಕ್ತಿಯೊಬ್ಬನು ಕಾಣಿಸುತ್ತಾನೆ. ಮೊದಲನೆಯ ಮಹಾಯುದ್ಧದಲ್ಲಿ ಫ್ರಾನ್ಸಿನಿಂದ ಭಾರತೀಯ ಸೈನಿಕರು ಊರಿಗೆ ಬರೆಯಿಸಿದ ಕಾಗದಗಳ ಸ್ಥಿತಿಯೂ ಬೇರೆಯಲ್ಲ. ಅವುಗಳಲ್ಲಿ ಬಹುಪಾಲು ಪರಿಶೀಲನಾಧಿಕಾರಿಗಳು ಮಾಡಿಸಿದ ಇಂಗ್ಲಿಷ್ ಅನುವಾದದ ತುಣುಕುಗಳಾಗಿ ಮಾತ್ರ ಉಳಿದಿವೆ. ಆದರೆ ಕಾಗದ ಒಡೆಯಲ್ಪಡುವುದೆಂದು ತಿಳಿದಿದ್ದ ಸೈನಿಕರು ಭಾರತೀಯರನ್ನು ಕರಿಮೆಣಸೆಂದೂ ಬಿಳಿಯರನ್ನು ಕೆಂಪುಮೆಣಸೆಂದೂ ಸಂಕೇತಿಸಿ, ಸೈನ್ಯ ಕರಗುತ್ತಿರುವ ವಾರ್ತೆಯನ್ನು ಮನೆಗೆ ಮುಟ್ಟಿಸಲು ಯತ್ನಿಸಿದರು. ಅನುವಾದದ ತೆರೆಯ ಹಿಂದಿನಿಂದಲೂ ದನಿ ಕೇಳಿಸಬಲ್ಲುದು ಎಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕಿಲ್ಲ.

ಆದುದರಿಂದ ನಮ್ಮ ಅಭಿಪ್ರಾಯವನ್ನು ಹೀಗೆ ಸಂಗ್ರಹಿಸಬಹುದು. ಯುದ್ಧಗಳ ಕಾಲಗಣನೆಗಾಗಲಿ, ದಳಗಳ ಚಲನವಲನಗಳಿಗಾಗಲಿ ಈ ಗ್ರಂಥವನ್ನು ಏಕೈಕ ಪ್ರಮಾಣವಾಗಿ ಸ್ವೀಕರಿಸತಕ್ಕದ್ದಲ್ಲ. ಇಂಗ್ಲಿಷ್ ಅಧಿಕಾರಿಗಳನ್ನು ಕುರಿತ ಸ್ತುತಿನಿಂದೆಗಳನ್ನು ‘ಸಿಪಾಯಿಯ ಅಭಿಪ್ರಾಯ’ವೆಂದು ಉದ್ಧರಿಸುವುದೂ ಸಲ್ಲದು, ಅವುಗಳನ್ನೇ ಹಿಡಿದು ಬರೆದವನನ್ನು ದಾಸಬುದ್ಧಿಯವನೆಂದು ತೆಗಳುವುದೂ ಅಷ್ಟೇ ದುಡುಕಿನ ಮಾತು. ಜಾತಿ, ಭತ್ಯ, ಬಡ್ತಿ, ಸೆರೆವಾಸ, ಊರಿನೊಡನೆ ಸಂಬಂಧ ಇವುಗಳ ವಿಷಯದಲ್ಲಿ, ಅನ್ಯ ಆಕರಗಳ ಬೆಂಬಲವಿದ್ದೆಡೆ, ಗ್ರಂಥವು ಬಹುಮಟ್ಟಿಗೆ ವಿಶ್ವಾಸಾರ್ಹವಾಗಿದೆ. ವಿದ್ಯಾರ್ಥಿಯು ಇದನ್ನು ಓದುವಾಗ ಪ್ರತಿ ಪ್ರಕರಣದಲ್ಲಿಯೂ ಎರಡು ಪ್ರಶ್ನೆಗಳನ್ನು ಕೇಳಿಕೊಳ್ಳಬೇಕು: ಈ ಮಾತು ಯಾರಿಗೆ ಪ್ರಿಯವಾದುದು? ಇದನ್ನು ಮತ್ತಾರು ಹೇಳಿದ್ದಾರೆ?

ಕೊನೆಯದಾಗಿ ಒಂದು ಸೂಚನೆ. ೧೯೧೮ರ ಸೆಪ್ಟೆಂಬರ್ ೨೩ರಂದು ಹೈಫಾ ನಗರವನ್ನು ಹಿಡಿಯುವುದರಲ್ಲಿ ಭಾಗಿಗಳಾದ ಮೈಸೂರು ಲ್ಯಾನ್ಸರ್ಸ್ ದಳದವರಿಗೆ ನಮ್ಮಲ್ಲಿ ಸ್ಮಾರಕವಿದೆ. ದಿಲ್ಲಿಯ ತೀನ್‌ಮೂರ್ತಿಯ ಮೂರು ಪ್ರತಿಮೆಗಳೂ ಅವರ ಮತ್ತು ಹೈದರಾಬಾದು, ಜೋಧಪುರಗಳ ಸವಾರರ ನೆನಪಿನವು. ಸ್ಮಾರಕವು ಸ್ಥಾಪಿಸಿದವರ ಮಾತನ್ನು ಆಡುತ್ತದೆಯೇ ಹೊರತು ಸವಾರನ ಮಾತನ್ನಲ್ಲ. ಕೊಡಗಿನ ಮನೆಗಳಲ್ಲಿಯೂ ನಾಡಿನ ಇತರ ಭಾಗಗಳ ನಿವೃತ್ತ ಸೈನಿಕರಲ್ಲಿಯೂ ಇರಬಹುದಾದ ಕಾಗದಗಳನ್ನು, ಹೇಳಿಕೆಗಳನ್ನು ನಮ್ಮ ವಿದ್ಯಾರ್ಥಿಗಳು ಸಂಗ್ರಹಿಸುವುದಾದರೆ, ಆಡಿದವನ ಭಾಷೆಯಲ್ಲಿಯೇ, ಆಡಿದ ಮಾತನ್ನು ತಿದ್ದದೆ, ಬರೆದುಕೊಂಡವರ ಹೆಸರು ಮತ್ತು ದಿನಾಂಕದೊಡನೆ ಸಂಗ್ರಹಿಸಬೇಕು. ಸೀತಾರಾಮನ ಮೂಲಪ್ರತಿಯನ್ನು ಉಳಿಸಿಕೊಳ್ಳುವುದು ನಮ್ಮಿಂದಾಗಲಿಲ್ಲ. ಮುಂದಿನವರು ನಮ್ಮ ಕಾಲದ ಸೈನಿಕನನ್ನು ಕುರಿತು ಇದೇ ವಾದವನ್ನು ಹೂಡುವಂತೆ ಆಗಬಾರದು.