ಯೋಬನ ಮೊದಲ ಹತ್ತು ಮಕ್ಕಳು: ಬೈಬಲ್ಲಿನ ನಂಬಿಕೆಯ ಕಥೆಗಳನ್ನು ಕನ್ನಡದಲ್ಲಿ ಓದುವಾಗ

ವಯನಾಡಿನಲ್ಲಿ ಈಗ ಮಳೆ ಜೋರಾಗಿದೆ. ಮಧ್ಯೆ ನನ್ನ ಧ್ವನಿ ಕಡಿದುಹೋದರೆ ದಯವಿಟ್ಟು ಚಾಟ್‌ನಲ್ಲಿ ಹೇಳಿ, ನಿಂತಲ್ಲಿಂದ ಮತ್ತೆ ಶುರು ಮಾಡುತ್ತೇನೆ.

ನಾನು ಎತ್ತಿಕೊಂಡಿರುವ ವಿಷಯ ಬೈಬಲ್ಲಿನ ಕೆಲವು ಬದುಕುಗಳು ಮತ್ತು ಅವುಗಳಿಂದ ನಾವು ತೆಗೆಯುವ 'ನಂಬಿಕೆಯ ಪಾಠ'. ಪಾಠ ಅಂತ ಬೇಕೆಂದೇ ಹೇಳುತ್ತಿದ್ದೇನೆ. ಅಬ್ರಹಾಮ ನಂಬಿದ, ಮಗ ಉಳಿದ. ಯೋಸೇಫ ಕಾದ, ಐಗುಪ್ತದಲ್ಲಿ ಅಧಿಕಾರಿಯಾದ. ಯೋಬ ತಾಳಿಕೊಂಡ, ಎರಡರಷ್ಟು ಪಡೆದ. ಹೀಗೆ ಒಂದೊಂದು ಬದುಕಿಗೆ ಒಂದೊಂದು ಸಾಲು. ನಮ್ಮ ಮನೆ ಇರುವುದು ಪುಲ್ಪಳ್ಳಿಯಿಂದ ಆಚೆ, ಕಬಿನಿಯ ಈ ದಡದಲ್ಲಿ. ಆ ದಡ ಬೈರಕುಪ್ಪೆ, ಅಂದರೆ ಕರ್ನಾಟಕ. ಪೆರಿಕ್ಕಲ್ಲೂರಿನ ಕಡವಿನಲ್ಲಿ ತೋಣಿ ಹತ್ತಿದರೆ ಐದು ನಿಮಿಷಕ್ಕೆ ಭಾಷೆ ಬದಲಾಗುತ್ತದೆ. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಮಲಯಾಳಂ, ಪಕ್ಕದ ಮನೆಯಲ್ಲಿ ತಿರುವಾಂಕೂರಿನಿಂದ ವಲಸೆ ಬಂದ ಕ್ರೈಸ್ತ ಕುಟುಂಬ. ಆ ಮನೆಯ ಅಮ್ಮಚ್ಚಿ ಹೇಳಿದ ಇಯ್ಯೋಬನ ಕಥೆ, ನನ್ನ ಅಜ್ಜಿ ಹೇಳಿದ ಹರಿಶ್ಚಂದ್ರನ ಕಥೆ, ಎರಡನ್ನೂ ಒಂದೇ ಜಗಲಿಯಲ್ಲಿ ಕೇಳಿ ಬೆಳೆದವಳು ನಾನು. ಹಾಗಾಗಿ ಈ ತೌಲನಿಕ ಅಧ್ಯಯನ ನನಗೆ ವಿಶ್ವವಿದ್ಯಾಲಯದಲ್ಲಿ ಶುರುವಾದದ್ದಲ್ಲ.

ಮೊದಲು ಶಬ್ದದ ಮಾತು. ಮಲಯಾಳಿ ಕ್ರೈಸ್ತರಿಗೆ ದೇವರ ಮೇಲಿನದು 'ವಿಶ್ವಾಸಂ'. ಕನ್ನಡದಲ್ಲೂ ಕೆಥೊಲಿಕ್ ಆರಾಧನೆಯಲ್ಲಿ 'ವಿಶ್ವಾಸ' ಹೆಚ್ಚು ಬಳಕೆಯಲ್ಲಿದೆ. ಆದರೆ ಪ್ರಾಟೆಸ್ಟೆಂಟರ ಹಳೆಯ ಕನ್ನಡ ಬೈಬಲ್ ಆರಿಸಿಕೊಂಡದ್ದು 'ನಂಬಿಕೆ' ಮತ್ತು 'ಭರವಸ'. ಬಳ್ಳಾರಿಯಲ್ಲಿದ್ದ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ 1831ರ ಹೊತ್ತಿಗೆ ಇಡೀ ಬೈಬಲನ್ನು ಕನ್ನಡಕ್ಕೆ ತಂದರು. ಆಮೇಲೆ ಮಂಗಳೂರಿನ ಬಾಸೆಲ್ ಮಿಷನ್ನಿನವರು ಅದನ್ನು ತಿದ್ದುವ ಕೆಲಸದಲ್ಲಿ ತೊಡಗಿದರು. 'ವಿಶ್ವಾಸ' ನಮ್ಮ ಆಡುಮಾತಿನಲ್ಲಿ ಬಹಳ ಮಟ್ಟಿಗೆ ಅಕ್ಕರೆ. ಪ್ರೀತಿ-ವಿಶ್ವಾಸ ಅಂತ ಜೋಡಿಯಾಗಿ ಬರುತ್ತದಲ್ಲ, ಆ ಅರ್ಥ. 'ನಂಬಿಕೆ'ಗೆ ಬೇರೆ ಮೈ ಇದೆ. ಅದು ಕೊಡು-ಕೊಳ್ಳುವುದರ ಶಬ್ದ. ಶುಂಠಿ ಬೆಳೆಯಲು ನದಿ ದಾಟಿ ಹೋಗಿ ಗುತ್ತಿಗೆಗೆ ಭೂಮಿ ಹಿಡಿಯುವ ನಮ್ಮೂರ ರೈತರು ಎಷ್ಟೋ ಸಲ ಕಾಗದ ಮಾಡಿಕೊಳ್ಳುವುದಿಲ್ಲ, 'ನಂಬಿಕೆ ಮೇಲೆ' ಮುಂಗಡ ಕೊಡುತ್ತಾರೆ. ನಂಬಿಕೆ ಇದ್ದಲ್ಲಿ ನಂಬಿಕೆದ್ರೋಹವೂ ಇರುತ್ತದೆ. 'ವಿಶ್ವಾಸಂ' ಅಂದಾಗ ಅಮ್ಮಚ್ಚಿ ಕಣ್ಣು ಮುಚ್ಚುತ್ತಿದ್ದರು. 'ನಂಬಿಕೆ' ಅಂದಾಗ ನನ್ನ ಅಜ್ಜಿ ಎದುರಿಗಿದ್ದವರ ಮುಖ ನೋಡುತ್ತಿದ್ದರು. ಅನುವಾದಕರು ಇಷ್ಟೆಲ್ಲ ಯೋಚಿಸಿದ್ದರೆಂದು ನಾನು ವಾದಿಸುವುದಿಲ್ಲ. ಆದರೆ ಆ ಶಬ್ದ ಬಂದದ್ದರಿಂದ ಕನ್ನಡ ಓದುಗ ದೇವರಿಗೂ ಒಂದು ಲೆಕ್ಕ ಕೇಳಬಹುದಾದ ಜಾಗ ಉಳಿಯಿತು. ಯೋಬ ಕೇಳುವುದು ಅದನ್ನೇ.

ಅದಕ್ಕೆ ಮುಂಚೆ ಅಬ್ರಹಾಮ. ಆದಿಕಾಂಡದ 22ನೇ ಅಧ್ಯಾಯ. ಕನ್ನಡದ ಯಾವ ಓದುಗನಿಗೂ ಇದನ್ನು ಓದುವಾಗ ಸಿರಿಯಾಳ ನೆನಪಾಗದೆ ಇರುವುದಿಲ್ಲ. ತಮಿಳಿನ ಚಿರುತ್ತೊಂಡರ ಕಥೆ ಕನ್ನಡದಲ್ಲಿ ಸಿರಿಯಾಳ ಸೆಟ್ಟಿಯ ಕಥೆಯಾಗಿ ಹರಿಹರನ ರಗಳೆಗೆ ಬಂತು, ಜನಪದರ ಬಾಯಿಗೆ ಬಂತು, 1980ರಲ್ಲಿ ಲೋಕೇಶ್ ಮತ್ತು ಆರತಿ ಅಭಿನಯಿಸಿದ 'ಭಕ್ತ ಸಿರಿಯಾಳ' ಸಿನಿಮಾಕ್ಕೂ ಬಂತು. ಜಂಗಮನ ವೇಷದ ಶಿವ ನರಮಾಂಸದ ಊಟ ಕೇಳುತ್ತಾನೆ, ತಂದೆ-ತಾಯಿ ಮಗ ಚೀಲಾಳನನ್ನು ಕೊಂದು ಅಡಿಗೆ ಮಾಡಿ ಬಡಿಸುತ್ತಾರೆ, ಕೊನೆಗೆ ಹೆಸರು ಹಿಡಿದು ಕೂಗಿದರೆ ಮಗ ಓಡಿ ಬರುತ್ತಾನೆ. ಎರಡೂ 'ದೇವರು ಮಗನನ್ನು ಕೇಳಿದ' ಕಥೆಗಳು ಅಂತ ಪರೀಕ್ಷೆಗೆ ಬರೆದರೆ ಅಂಕ ಸಿಗುತ್ತದೆ. ಆದರೆ ವ್ಯತ್ಯಾಸ ಇರುವುದು ತಾಯಿಯಲ್ಲಿ. ಸಂಗಳವ್ವೆ ಆ ಮನೆಯಲ್ಲಿ ಇದ್ದಾಳೆ. ಅವಳ ಕೈಯಿಲ್ಲದೆ ಆ ಊಟ ಆಗುವುದೇ ಇಲ್ಲ. ನಂಬಿಕೆಯ ಭಯಂಕರವಾದ ಪಾಲು ಅವಳದು. ಆದಿಕಾಂಡದಲ್ಲಿ ಸಾರಳನ್ನು ಯಾರೂ ಕೇಳುವುದಿಲ್ಲ. ಅಬ್ರಹಾಮ ಬೆಳಿಗ್ಗೆ ಎದ್ದು ಕತ್ತೆಗೆ ತಡಿ ಹಾಕಿ ಹೊರಟುಬಿಡುತ್ತಾನೆ. ಮುಂದಿನ ಅಧ್ಯಾಯ ತೆರೆಯುವುದೇ ಅವಳ ಸಾವಿನೊಂದಿಗೆ, 127 ವರ್ಷಕ್ಕೆ. ಈ ಎರಡು ಅಧ್ಯಾಯಗಳ ನಡುವೆ ಏನಾಯಿತು ಅಂತ ಪಠ್ಯ ಹೇಳುವುದಿಲ್ಲ.

ಹೇಳದೆ ಇರುವುದೇ ಆ ಬರವಣಿಗೆಯ ರೀತಿ. ಜರ್ಮನ್ ವಿಮರ್ಶಕ ಎರಿಕ್ ಔಎರ್‌ಬಾಖ್ 'ಮಿಮೆಸಿಸ್' (1946) ಪುಸ್ತಕದ ಮೊದಲ ಅಧ್ಯಾಯದಲ್ಲಿ ಹೋಮರನ ಎದುರು ಇದೇ ಕಥೆಯನ್ನಿಟ್ಟು ಈ ಮೌನದ ಬಗ್ಗೆ ಬರೆದಿದ್ದಾನೆ. ಮೂರು ದಿನದ ದಾರಿ, ಮಗನ ಒಂದೇ ಪ್ರಶ್ನೆ, ತಂದೆಯ ಒಂದೇ ಉತ್ತರ. ಹರಿಹರನ ಜಗತ್ತು ಹಾಗಲ್ಲ, ಅಲ್ಲಿ ಭಕ್ತಿ ಮಾತಾಡುತ್ತದೆ, ಕುಣಿಯುತ್ತದೆ, ಉಕ್ಕುತ್ತದೆ. ಇನ್ನೊಂದು ಸಣ್ಣ ಸಂಗತಿ, ವಿಷಯಾಂತರ ಅನ್ನಿಸಿದರೆ ಕ್ಷಮಿಸಿ: ಕಿಯರ್ಕೆಗಾರ್ಡ್ ಅಬ್ರಹಾಮನ ಕಥೆಯನ್ನು ನಾಲ್ಕು ಬಗೆಯಲ್ಲಿ ಮತ್ತೆ ಹೇಳಿ, ಯಾವುದರಿಂದಲೂ ಸಮಾಧಾನವಾಗದೆ ಒದ್ದಾಡಿದ ಪುಸ್ತಕ ಬಂದದ್ದು 1843ರಲ್ಲಿ. ಅದೇ ವರ್ಷ ಮೋಗ್ಲಿಂಗ್ ಮಂಗಳೂರಿನಲ್ಲಿ 'ಮಂಗಳೂರ ಸಮಾಚಾರ' ಶುರು ಮಾಡಿದ್ದ. ಯುರೋಪಿನ ಒಂದು ಮೂಲೆಯಲ್ಲಿ ಒಬ್ಬ ನಂಬಿಕೆ ಎಷ್ಟು ಕಷ್ಟ ಅಂತ ಬರೆಯುತ್ತಿದ್ದಾಗ, ಅದೇ ಯುರೋಪಿನಿಂದ ಬಂದವರು ಇಲ್ಲಿ ನಂಬಿಕೆಯನ್ನು ಸುಲಭ ಕನ್ನಡದಲ್ಲಿ ಅಚ್ಚು ಹಾಕುತ್ತಿದ್ದರು. ಇದನ್ನು ವ್ಯಂಗ್ಯವಾಗಿ ಹೇಳುತ್ತಿಲ್ಲ. ಮೋಗ್ಲಿಂಗ್ ಜೈಮಿನಿ ಭಾರತವನ್ನೂ ದಾಸರ ಪದಗಳನ್ನೂ ಅಚ್ಚಿಗೆ ತಂದ. ಕಿಟೆಲ್ 1862ರ 'ಕಥಾಮಾಲೆ'ಯಲ್ಲಿ ಹೊಸ ಒಡಂಬಡಿಕೆಯ ಕಥೆಗಳನ್ನು ನಮ್ಮ ಕಾವ್ಯದ ರೀತಿಯಲ್ಲೇ ಪದ್ಯವಾಗಿಸಿದ. ಕಥೆಯನ್ನು ಕನ್ನಡದ ಛಂದಸ್ಸಿಗೆ ಹಾಕಿದ ಕೂಡಲೇ ಅದು ಹಳೆಯ ಭಕ್ತಚರಿತ್ರೆಗಳ ಪಕ್ಕ ಕೂರುತ್ತದೆ ಅನ್ನುವುದು ಅವರಿಗೆ ತಿಳಿದಿತ್ತು.

ಈಗ ನನ್ನ ಮುಖ್ಯ ಪಠ್ಯ, ಯೋಬನ ಗ್ರಂಥ. ಒಟ್ಟು 42 ಅಧ್ಯಾಯ. ಮೊದಲ ಎರಡು ಅಧ್ಯಾಯ ಮತ್ತು ಕೊನೆಯ ಕೆಲವು ವಚನ ಗದ್ಯದ ಕಥೆ, ನಡುವೆ ಇರುವುದೆಲ್ಲ ಕಾವ್ಯ, ಬಹುಪಾಲು ಜಗಳ. ಇದರ ಪಕ್ಕದಲ್ಲಿ ರಾಘವಾಂಕನ ಹರಿಶ್ಚಂದ್ರ ಕಾವ್ಯವನ್ನಿಟ್ಟು ನೋಡಿ. ಎರಡೂ ಮೇಲಿನ ಲೋಕದ ಸಭೆಯಲ್ಲಿ ಶುರುವಾಗುತ್ತವೆ. ಅಲ್ಲಿ ಯೆಹೋವ ಮತ್ತು ಸೈತಾನ, ಇಲ್ಲಿ ಇಂದ್ರನ ಸಭೆಯಲ್ಲಿ ವಸಿಷ್ಠ ಮತ್ತು ವಿಶ್ವಾಮಿತ್ರ. ಪಂಥ ಮೇಲೆ ನಡೆಯುತ್ತದೆ, ಪೆಟ್ಟು ಕೆಳಗೆ ಬೀಳುತ್ತದೆ, ಪೆಟ್ಟು ತಿನ್ನುವವನಿಗೆ ಪಂಥದ ಸುದ್ದಿ ಇಲ್ಲ. ನಮಗೆ, ಓದುಗರಿಗೆ, ಗೊತ್ತು. ಈ ಗೊತ್ತಿರುವಿಕೆ ಅಪಾಯಕಾರಿ. 'ಇದು ಪರೀಕ್ಷೆ ಅಷ್ಟೇ' ಅಂತ ನಾವು ಆರಾಮಾಗಿ ಕೂತು ಓದುತ್ತೇವೆ. ಸಂಕಟದಲ್ಲಿ ಇರುವವನಿಗೆ ಆ 'ಅಷ್ಟೇ' ಇರುವುದಿಲ್ಲ.

ಹೋಲಿಕೆ ಇಲ್ಲಿಗೆ ಮುಗಿಯುತ್ತದೆ. ಹರಿಶ್ಚಂದ್ರ ನಂಬಿರುವುದು ಸತ್ಯವನ್ನು. ರಾಘವಾಂಕ ಸತ್ಯವನ್ನೂ ಶಿವನನ್ನೂ ಒಂದೇ ಮಾಡಿಬಿಡುವುದರಿಂದ ಅವನ ನಾಯಕ ದೇವರೊಂದಿಗೆ ಜಗಳಕ್ಕೆ ನಿಲ್ಲಬೇಕಾದ ಪ್ರಮೇಯ ಬರುವುದಿಲ್ಲ. (ಮನುಷ್ಯನನ್ನು ಹೊಗಳಿದ ಅಂತ ಸೋದರಮಾವ ಹರಿಹರ ರಾಘವಾಂಕನ ಹಲ್ಲು ಉದುರಿಸಿದ ಅನ್ನುವ ಐತಿಹ್ಯ ನಿಮಗೆಲ್ಲ ಗೊತ್ತೇ ಇದೆ.) ಯೋಬ ಹಾಗಲ್ಲ. ನಾನೇನು ತಪ್ಪು ಮಾಡಿದೆ ಹೇಳು, ನ್ಯಾಯಸ್ಥಾನಕ್ಕೆ ಬಾ ಅನ್ನುವ ಧಾಟಿಯಲ್ಲಿ ಅಧ್ಯಾಯಗಟ್ಟಲೆ ಕೇಳುತ್ತಾನೆ. 'ಯೋಬನ ತಾಳ್ಮೆ' ಅನ್ನುವ ಮಾತು ಮೊದಲ ಎರಡು ಅಧ್ಯಾಯಕ್ಕೆ ಸರಿ. ಮೂರನೆಯ ಅಧ್ಯಾಯದಲ್ಲಿ ಅವನು ಹುಟ್ಟಿದ ದಿನವನ್ನೇ ಶಪಿಸುತ್ತಾನೆ. ಪಾಠ ಮಾಡುವವರು ಸಾಮಾನ್ಯವಾಗಿ ಇಲ್ಲಿಂದ ಹಾರಿ 42ಕ್ಕೆ ಬರುತ್ತಾರೆ. ನಡುವಿನ ಕಾವ್ಯವನ್ನು ಬಿಟ್ಟರೆ ಉಳಿಯುವುದು ಒಂದು ನೀತಿಕಥೆ, ಅದೂ ಸಾಧಾರಣವಾದದ್ದು.

ಗೆಳೆಯರ ವಿಷಯಕ್ಕೆ ಬರುತ್ತೇನೆ. ಎಲೀಫಜ, ಬಿಲ್ದದ, ಚೋಫರ. ಬಂದವರು ಮೊದಲು ಏಳು ದಿನ ಏಳು ರಾತ್ರಿ ನೆಲದ ಮೇಲೆ ಸುಮ್ಮನೆ ಕೂರುತ್ತಾರೆ. ಅಲ್ಲಿಯವರೆಗೆ ಅವರಷ್ಟು ಒಳ್ಳೆಯ ಗೆಳೆಯರಿಲ್ಲ. ಬಾಯಿ ತೆರೆದ ಮೇಲೆ ಕೆಡುತ್ತದೆ. ಅವರು ಹೇಳುವುದೆಲ್ಲ ನಂಬಿಕೆಯ ಮಾತೇ: ದೇವರು ನ್ಯಾಯವಂತ, ಕಾರಣವಿಲ್ಲದೆ ಶಿಕ್ಷಿಸನು, ತಿರುಗಿಕೋ, ಸರಿಹೋಗುತ್ತದೆ. ಕೊನೆಯಲ್ಲಿ ದೇವರು ಸಿಟ್ಟಾಗುವುದು ಇವರ ಮೇಲೆ. ತನ್ನ ವಿಷಯದಲ್ಲಿ ಸರಿಯಾಗಿ ಮಾತಾಡಿದವನು ಯೋಬ, ನೀವಲ್ಲ ಅನ್ನುತ್ತಾನೆ. ದೇವರ ಪರವಾಗಿ ವಾದಿಸಿದವರು ಸೋತರು, ದೇವರೊಂದಿಗೆ ವಾದಿಸಿದವನು ಗೆದ್ದ. 'ನಂಬಿಕೆ' ಅನ್ನುವ ನಮ್ಮ ಶಬ್ದ ಇಲ್ಲಿ ಚೆನ್ನಾಗಿ ಕೂರುತ್ತದೆ. ನಂಬಿದವನನ್ನೇ ತಾನೆ ಎದುರು ನಿಂತು ಕೇಳುವುದು? ನಂಬದವನ ಹತ್ತಿರ ಯಾರೂ ಲೆಕ್ಕ ಕೇಳಲು ಹೋಗುವುದಿಲ್ಲ.

ಇದನ್ನು ನಾನು ಗ್ರಂಥಾಲಯದಲ್ಲಿ ಕೂತು ಕಂಡುಕೊಂಡೆ ಅಂತ ಹೇಳಿದರೆ ಸುಳ್ಳಾಗುತ್ತದೆ. 2024ರ ಜುಲೈ 30ರ ನಸುಕಿನಲ್ಲಿ ಮೇಪ್ಪಾಡಿ ಪಂಚಾಯತಿನ ಪುಂಜಿರಿಮಟ್ಟಂ, ಮುಂಡಕ್ಕೈ, ಚೂರಲ್‌ಮಲ ಕೊಚ್ಚಿಹೋದವು. ಇನ್ನೂರಕ್ಕೂ ಹೆಚ್ಚು ಜನ ಸತ್ತರು. ಹೆಣಗಳು ಚಾಲಿಯಾರ್ ನದಿಯಲ್ಲಿ ನಿಲಂಬೂರಿನವರೆಗೆ ಹೋದವು. ಕರ್ನಾಟಕದಿಂದ ಬಂದು ನೆಲೆಸಿದ್ದವರೂ ಸತ್ತವರಲ್ಲಿದ್ದರು. ಕನ್ನಡ ಪತ್ರಿಕೆಗಳಲ್ಲಿ ದಿನವೂ ಬರುತ್ತಿದ್ದ ಶಬ್ದ 'ಶೋಧ ಕಾರ್ಯಾಚರಣೆ'. ಕನ್ನಡ ಬೈಬಲ್ ಓದುವವರಿಗೆ 'ಶೋಧನೆ' ಬೇರೊಂದು ಶಬ್ದ. ದೇವರ ಪರೀಕ್ಷೆ, ಸೈತಾನನ ಸೆಳೆತ, ಎರಡಕ್ಕೂ ಸಲ್ಲುವಂಥದ್ದು. ಶೋಧಿಸು ಅಂದರೆ ಸೋಸು, ಜರಡಿ ಹಿಡಿ. ಕೆಸರನ್ನು ಕೈಯಲ್ಲಿ ಸೋಸುತ್ತ ಮನುಷ್ಯರನ್ನು ಹುಡುಕುತ್ತಿದ್ದಾಗ 'ಇದು ದೇವರ ಶೋಧನೆ' ಅಂತ ಯಾರಾದರೂ ಹೇಳಿದರೆ ಆ ವಾಕ್ಯದ ಗತಿ ಏನು? ಹೇಳಿದರು. ಎಲ್ಲ ಮತದವರೂ ತಮ್ಮ ತಮ್ಮ ಶಬ್ದದಲ್ಲಿ ಹೇಳಿದರು. ನಾನು ಕೇಳಿದ ಒಂದು ಪ್ರಾರ್ಥನೆಯಲ್ಲಿ ಯೋಬನಿಗೆ ಎರಡರಷ್ಟು ಸಿಕ್ಕಿದ್ದನ್ನು ನೆನಪಿಸಿದರು.

ಆವತ್ತು ಸಂಜೆ ನಮ್ಮ ಪಕ್ಕದ ಮನೆಯ ಅಮ್ಮಚ್ಚಿ ನನ್ನನ್ನು ಕೇಳಿದ್ದು: "ಮೋಳೇ, ನೀನು ಸಾಹಿತ್ಯ ಓದುವವಳಲ್ಲವಾ, ಇಯ್ಯೋಬನ ಮೊದಲಿನ ಹತ್ತು ಮಕ್ಕಳ ಹೆಸರೇನು?"

ಹುಡುಕಿದೆ. ಇಲ್ಲ. 42ನೇ ಅಧ್ಯಾಯದ ಲೆಕ್ಕವನ್ನು ನಿಧಾನವಾಗಿ ನೋಡಿ. ಮೊದಲು 7,000 ಕುರಿ, ಈಗ 14,000. ಮೊದಲು 3,000 ಒಂಟೆ, ಈಗ 6,000. ಎತ್ತು, ಕತ್ತೆ, ಎಲ್ಲವೂ ಎರಡರಷ್ಟು. ಮಕ್ಕಳು ಮೊದಲು ಏಳು ಗಂಡು ಮೂರು ಹೆಣ್ಣು, ಈಗಲೂ ಏಳು ಗಂಡು ಮೂರು ಹೆಣ್ಣು. ಇಲ್ಲಿ ಮಾತ್ರ ಎರಡರಷ್ಟಿಲ್ಲ. ಸತ್ತ ಮಕ್ಕಳು ಇನ್ನೊಂದು ಲೋಕದಲ್ಲಿ ಇದ್ದೇ ಇದ್ದಾರೆ, ಆದ್ದರಿಂದ ಒಟ್ಟು ಇಪ್ಪತ್ತಾಯಿತು ಅಂತ ವಿವರಿಸುವವರೂ ಇದ್ದಾರೆ. ಜಾಣ ವಿವರಣೆ, ಆದರೆ ಪಠ್ಯ ಅದನ್ನು ಹೇಳುವುದಿಲ್ಲ. ಹೊಸ ಮೂವರು ಹೆಣ್ಣುಮಕ್ಕಳ ಹೆಸರನ್ನು ಕೊಡುತ್ತದೆ, ಅವರಿಗೆ ಅಣ್ಣತಮ್ಮಂದಿರ ಜೊತೆ ಆಸ್ತಿಯಲ್ಲಿ ಪಾಲು ಕೊಟ್ಟದ್ದನ್ನೂ ಹೇಳುತ್ತದೆ. ಮನೆ ಕುಸಿದು ಸತ್ತ ಮೊದಲಿನ ಹತ್ತು ಮಂದಿಗೆ ಹೆಸರಿಲ್ಲ.

ನಮ್ಮ ಕಥೆಗಳಲ್ಲಿ ಹೀಗಾಗುವುದಿಲ್ಲ ಅನ್ನುವುದನ್ನು ಗಮನಿಸಿ. ಚೀಲಾಳ ಓಡಿ ಬರುತ್ತಾನೆ, ಅದೇ ಚೀಲಾಳ. ಹಾವು ಕಚ್ಚಿ ಸತ್ತ ಲೋಹಿತಾಶ್ವ ಸುಡುಗಾಡಿನಿಂದ ಎದ್ದು ಬರುತ್ತಾನೆ, ಅದೇ ಲೋಹಿತಾಶ್ವ. ಇಸಾಕನ ಮೇಲೆ ಕತ್ತಿ ಬೀಳುವುದೇ ಇಲ್ಲ. ದೇವರು ಕಿತ್ತುಕೊಂಡದ್ದನ್ನೇ ಕೊಡುತ್ತಾನೆ, ಆದ್ದರಿಂದ ಪರೀಕ್ಷೆ ಅನ್ನುವ ಶಬ್ದ ಅಲ್ಲಿ ನಿಲ್ಲುತ್ತದೆ. ನಾನು ಓದಿದ ಪರೀಕ್ಷೆಯ ಕಥೆಗಳಲ್ಲಿ ಯೋಬನದು ಮಾತ್ರ ಸತ್ತವರನ್ನು ಸತ್ತವರಾಗಿಯೇ ಬಿಡುತ್ತದೆ. ಅವನು ಮತ್ತೆ ಮಕ್ಕಳನ್ನು ಪಡೆದ ಅಂದರೆ ಮೊದಲಿನವರನ್ನು ಮರೆತ ಅಂತಲ್ಲ. ಬಂಧುಬಳಗದವರು ಬಂದು ಅವನೊಂದಿಗೆ ಊಟ ಮಾಡಿ, ಅವನ ಕೇಡಿಗಾಗಿ ಸಂತಾಪಪಟ್ಟು ಸಂತೈಸಿದರು ಅಂತ ಇದೇ ಕೊನೆಯ ಅಧ್ಯಾಯದಲ್ಲಿ ಬರುತ್ತದೆ. ಎಲ್ಲ ಸರಿಹೋದವನನ್ನು ಯಾಕೆ ಸಂತೈಸಬೇಕು?

ನನ್ನ ವಾದಕ್ಕೆ ಎದುರಾಗಿ ಒಂದು ಮಾತು ಏಳಬಹುದು, ಮಾರ್ಗದರ್ಶಕರೇ ಮೊನ್ನೆ ಎತ್ತಿದ್ದರು. ಮಣ್ಣಿನಡಿ ಎಲ್ಲ ಕಳೆದುಕೊಂಡವರಿಗೆ 'ಎರಡರಷ್ಟು ಸಿಕ್ಕಿತು' ಅನ್ನುವ ಕಥೆ ಊರುಗೋಲಾದರೆ ಅದನ್ನು ಕಿತ್ತುಕೊಳ್ಳುವ ಹಕ್ಕು ವಿಮರ್ಶಕಿಗೆ ಎಲ್ಲಿಂದ ಬಂತು? ಆ ಹಕ್ಕು ನನಗಿಲ್ಲ. ಊರುಗೋಲು ಹಿಡಿದವರ ಕೈಯನ್ನು ನಾನು ಮುಟ್ಟುತ್ತಿಲ್ಲ. ಬೇರೆಯವರ ಕೈಗೆ ಅದನ್ನು ತುರುಕುವವರ ಬಗ್ಗೆ ಮಾತ್ರ ನನ್ನ ತಕರಾರು. ಗ್ರಂಥದ ಒಳಗೇ ಅಂಥವರಿಗೆ ಹೆಸರಿದೆ, ಅವರಿಗೆ ಏನು ಹೇಳಲಾಯಿತು ಅನ್ನುವುದೂ ಬರೆದಿದೆ.

ಪುತ್ತುಮಲೆಗೆ ನಾನು ಹೋದದ್ದು ಕೆಲವು ವಾರಗಳ ಮೇಲೆ. 2019ರ ಆಗಸ್ಟ್‌ನಲ್ಲಿ ಅದೇ ಕುಸಿದ ಊರು. ಗುರುತು ಸಿಗದ ದೇಹಗಳನ್ನು, ದೇಹದ ಭಾಗಗಳನ್ನು ಸರ್ವಧರ್ಮ ಪ್ರಾರ್ಥನೆ ಮಾಡಿ ಅಲ್ಲಿ ಸಾಲಾಗಿ ಹೂಳಿದ್ದಾರೆ. ಯಾವ ಮತದ ಪ್ರಾರ್ಥನೆ ಯಾರಿಗೆ ಸಲ್ಲುತ್ತದೆ ಅಂತ ಗೊತ್ತಿಲ್ಲದ ಕಾರಣ ಎಲ್ಲವನ್ನೂ ಎಲ್ಲರಿಗೂ ಹೇಳಿದರು. ಪ್ರತಿ ಗೋರಿಯ ತಲೆಗೆ ಒಂದು ಸಂಖ್ಯೆ. ಡಿಎನ್‌ಎ ಫಲಿತಾಂಶ ಬಂದಂತೆ ಕೆಲವು ಸಂಖ್ಯೆಗಳ ಜಾಗಕ್ಕೆ ಹೆಸರು ಬಂತು. ಅಮ್ಮಚ್ಚಿಗೆ ಇದನ್ನು ಹೇಳಿದೆ. ಅವರು ಬೈಬಲ್ ತೆಗೆದು ಯೋಬನ ಎರಡನೇ ಅಧ್ಯಾಯದ ಕೊನೆಯ ವಚನ ಓದಿದರು. ಗೆಳೆಯರು ಏಳು ದಿನ ಮಾತಿಲ್ಲದೆ ಕೂತ ವಚನ. ಅಲ್ಲಿಗೆ ನಿಲ್ಲಿಸಿ ಪುಸ್ತಕ ಮುಚ್ಚಿಟ್ಟರು.

ಚಾಟ್‌ನಲ್ಲಿ ಪ್ರಶ್ನೆಗಳು ಬಂದಿವೆ, ಒಂದೊಂದಾಗಿ ತೆಗೆದುಕೊಳ್ಳುತ್ತೇನೆ.