ಉಪಕರಣವುಂಟು, ರೋಗಿಯೆಲ್ಲಿ?

ಇಲೆಕ್ಟ್ರಾನಿಕ್ಸ್ ಪದವಿ ತರಗತಿಗಳಲ್ಲಿ ಜೈವಿಕ ವೈದ್ಯಕೀಯ ಎಂಜಿನಿಯರಿಂಗ್ ಸಾಮಾನ್ಯವಾಗಿ ಒಂದು ಸೆಮಿಸ್ಟರಿನ ಐಚ್ಛಿಕ ವಿಷಯ. ಅದನ್ನು ಆಯ್ದುಕೊಂಡವರ ಕೈಗೆ ಹೆಚ್ಚಾಗಿ ಬರುವ ಪುಸ್ತಕಗಳು ಎರಡು: ಆರ್. ಎಸ್. ಖಾಂಡ್‌ಪುರ್ ಅವರ ‘ಹ್ಯಾಂಡ್‌ಬುಕ್ ಆಫ್ ಬಯೋಮೆಡಿಕಲ್ ಇನ್‌ಸ್ಟ್ರುಮೆಂಟೇಷನ್’ (1987) ಮತ್ತು ಜಾನ್ ಜಿ. ವೆಬ್‌ಸ್ಟರ್ ಸಂಪಾದಿಸಿದ ‘ಮೆಡಿಕಲ್ ಇನ್‌ಸ್ಟ್ರುಮೆಂಟೇಷನ್: ಅಪ್ಲಿಕೇಷನ್ ಅಂಡ್ ಡಿಸೈನ್’ (1978).

ಮೊದಲನೆಯದರ ಬಲ ಅದರ ವ್ಯಾಪ್ತಿ. ಇಸಿಜಿಯಿಂದ ಡಯಾಲಿಸಿಸ್ ಯಂತ್ರದವರೆಗೆ ಉಪಕರಣಗಳನ್ನು ಒಂದೊಂದಾಗಿ ಬಿಡಿಸಿ ತೋರಿಸುತ್ತದೆ. ಆಸ್ಪತ್ರೆಗಳಲ್ಲಿ ನಿರ್ವಹಣೆಯ ಕೆಲಸಕ್ಕೆ ಸೇರುವವರಿಗೆ ಇದು ಉಪಯುಕ್ತ ಆಕರ. ಆದರೆ ಪರೀಕ್ಷೆಗಾಗಿ ಓದುವಾಗ ಇದೇ ಗುಣ ತೊಡಕಾಗುತ್ತದೆ. ಬ್ಲಾಕ್ ಡಯಾಗ್ರಾಂ ಬಾಯಿಪಾಠವಾದರೆ ಅಂಕ ಬರುತ್ತದೆ. ವೆಬ್‌ಸ್ಟರ್ ಪುಸ್ತಕ ಮಾಪನದ ಮೂಲತತ್ವಗಳಿಂದ ಹೊರಡುತ್ತದೆ, ವಿದ್ಯುತ್ ಸುರಕ್ಷತೆಗೆ ಇಡೀ ಅಧ್ಯಾಯವನ್ನೇ ಮೀಸಲಿಡುತ್ತದೆ. ಚರ್ಮದ ಮೂಲಕ ಹರಿದರೆ ಅರಿವಿಗೂ ಬಾರದಷ್ಟು ಅಲ್ಪ ವಿದ್ಯುತ್ ಪ್ರವಾಹ, ಕ್ಯಾತಿಟರ್ ಮೂಲಕ ನೇರವಾಗಿ ಹೃದಯ ತಲುಪಿದರೆ ಮಾರಕವಾಗಬಲ್ಲದು. ದುರದೃಷ್ಟವೆಂದರೆ ಈ ಅಧ್ಯಾಯ ಪುಸ್ತಕದ ಕೊನೆಯಲ್ಲಿದೆ. ಸೆಮಿಸ್ಟರಿನ ಅವಸರದಲ್ಲಿ ಕೈಬಿಟ್ಟುಹೋಗುವ ಸಂಭವವೇ ಹೆಚ್ಚು.

ಪಲ್ಸ್ ಆಕ್ಸಿಮೀಟರಿನ ಉದಾಹರಣೆ ನೋಡೋಣ. ಜಪಾನಿನ ತಕುವೊ ಅಯೊಯಾಗಿ 1974ರಲ್ಲಿ ಪ್ರಕಟಿಸಿದ ತತ್ವವನ್ನು ಇದು ಆಧರಿಸಿದೆ. ಸುಮಾರು 660 ಮತ್ತು 940 ನ್ಯಾನೊಮೀಟರ್ ಅಲೆಯುದ್ದದ ಬೆಳಕನ್ನು ಬೆರಳಿನ ಮೂಲಕ ಹಾಯಿಸಿ, ನಾಡಿಯೊಂದಿಗೆ ಏರಿಳಿಯುವ ಅಂಶಗಳ ಅನುಪಾತ ಕಂಡುಕೊಳ್ಳುವುದು ಇದರ ವಿಧಾನ. ಇಷ್ಟನ್ನು ವಿದ್ಯಾರ್ಥಿ ಚೆನ್ನಾಗಿಯೇ ಬರೆಯುತ್ತಾನೆ. ಆದರೆ ಆ ಅನುಪಾತವನ್ನು ಶೇಕಡಾವಾರು ಅಂಕಿಗೆ ತಿರುಗಿಸುವ ಕೋಷ್ಟಕ ಆರೋಗ್ಯವಂತ ಸ್ವಯಂಸೇವಕರಿಂದ ಬಂದದ್ದು. ಅವರು ಯಾರು, ಅವರ ಮೈಬಣ್ಣ ಯಾವುದು ಎಂಬ ಪ್ರಶ್ನೆ ತರಗತಿಯಲ್ಲಿ ಏಳುವುದು ಅಪರೂಪ. 2020ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಉಪಕರಣ ಶೇ. 92ರಿಂದ 96 ಎಂದು ತೋರಿಸುತ್ತಿದ್ದಾಗ ಅಪಧಮನಿಯ ರಕ್ತದಲ್ಲಿ ಅದು ಶೇ. 88ಕ್ಕಿಂತ ಕಡಿಮೆ ಇದ್ದ ಪ್ರಸಂಗಗಳು ಕಪ್ಪು ವರ್ಣದವರಲ್ಲಿ ಸುಮಾರು ಶೇ. 12, ಬಿಳಿಯರಲ್ಲಿ ಸುಮಾರು ಶೇ. 4. ಮರುವರ್ಷವೇ ಕೋವಿಡ್ ಸಮಯದಲ್ಲಿ ನಮ್ಮ ಮನೆಮನೆಗಳಲ್ಲಿ ಇದೇ ಅಂಕಿಯನ್ನು ನೋಡಿ ಆಸ್ಪತ್ರೆಗೆ ಹೋಗಬೇಕೆ ಬೇಡವೆ ಎಂದು ಜನ ನಿರ್ಧರಿಸಿದ್ದನ್ನು ಮರೆಯುವಂತಿಲ್ಲ.

ಹಳೆಯ ಪುಸ್ತಕಗಳಲ್ಲಿ ಈ ಅಧ್ಯಯನ ಇಲ್ಲವೆಂದು ದೂರುವುದು ಸರಿಯಲ್ಲ. ದೋಷ ಇರುವುದು ಅವುಗಳನ್ನು ಉಪಕರಣಗಳ ಪಟ್ಟಿಯಂತೆ ಓದಿಸುವ ಕ್ರಮದಲ್ಲಿ. ಪರಿಹಾರಕ್ಕೆ ದುಬಾರಿ ಪ್ರಯೋಗಾಲಯ ಬೇಕಿಲ್ಲ. ಸಹಪಾಠಿಗಳ ತಣ್ಣನೆಯ ಬೆರಳು, ಬಣ್ಣ ಹಚ್ಚಿದ ಉಗುರು, ಅಲುಗುವ ಕೈ ಇವುಗಳ ಮೇಲೆ ಅಳೆದು ವ್ಯತ್ಯಾಸ ಗುರುತಿಸಲಿ. ‘ಉಪಕರಣ ಹೇಗೆ ಕೆಲಸ ಮಾಡುತ್ತದೆ?’ ಎಂಬುದರ ಜೊತೆಗೆ ‘ಯಾರ ಮೇಲೆ, ಯಾವಾಗ ತಪ್ಪುತ್ತದೆ?’ ಎಂಬ ಪ್ರಶ್ನೆಯೂ ಪ್ರಶ್ನೆಪತ್ರಿಕೆಗೆ ಬರಲಿ.