‘ಕರ್ವಾಲೊ’ ಹಿಡಿದು ಬೊರಿವಲಿ ಕಾಡಿಗೆ

ಊರಿನಲ್ಲಿರುವ ಓದುಗರಿಗೆ ಮೊದಲೇ ಒಂದು ಮಾತು ಹೇಳಬೇಕು. ಮುಂಬಯಿ ಎಂದರೆ ಲೋಕಲ್ ಟ್ರೇನು, ಸಮುದ್ರ, ಜನಜಂಗುಳಿ ಎಂದು ತಿಳಿದವರಿಗೆ, ಈ ನಗರದ ಮಗ್ಗುಲಲ್ಲೇ ನೂರು ಚದರ ಕಿಲೋಮೀಟರಿಗೂ ಮಿಕ್ಕಿದ ಕಾಡಿದೆ ಎಂದರೆ ನಂಬಿಕೆ ಬರುವುದಿಲ್ಲ. ಬೊರಿವಲಿ ಸ್ಟೇಷನ್ನಿಗೆ ಹತ್ತಿರದಲ್ಲೇ ಸಂಜಯ ಗಾಂಧಿ ರಾಷ್ಟ್ರೀಯ ಉದ್ಯಾನದ ಗೇಟು. ಒಳಗೆ ಕಾನ್ಹೇರಿಯ ಬೌದ್ಧ ಗುಹೆಗಳು, ತುಳಸಿ ಮತ್ತು ವಿಹಾರ ಕೆರೆಗಳು, ವಾರ್ಲಿ ಆದಿವಾಸಿಗಳ ಪಾಡಾಗಳು, ಮತ್ತೆ ಚಿರತೆಗಳು. 2015ರಲ್ಲಿ ಉದ್ಯಾನ ಮತ್ತು ಅದರ ಸುತ್ತಮುತ್ತ ಕ್ಯಾಮೆರಾ ಕಟ್ಟಿ ಎಣಿಸಿದಾಗ 35 ಚಿರತೆ ಲೆಕ್ಕಕ್ಕೆ ಸಿಕ್ಕವು, 2018ರಲ್ಲಿ 47. ಒಂದೊಂದರ ಮೈಮೇಲಿನ ಚುಕ್ಕೆಗಳ ವಿನ್ಯಾಸವೂ ಬೇರೆ ಬೇರೆ. ಫೋಟೋಗಳನ್ನು ಪಕ್ಕಪಕ್ಕ ಇಟ್ಟು ತಾಳೆ ನೋಡುತ್ತಾರೆ. ಚೆಕ್ಕಿನ ಸಹಿಯನ್ನು ಸ್ಪೆಸಿಮನ್ ಕಾರ್ಡಿನ ಜೊತೆ ತಾಳೆ ನೋಡುತ್ತ ಕೂದಲು ನೆರೆಸಿಕೊಂಡ ನನಗೆ ಈ ಪದ್ಧತಿ ಥಟ್ಟನೆ ಅರ್ಥವಾಯಿತು.

ನಾನು ಮಲೆನಾಡಿನವನು. 1989ರಲ್ಲಿ ವರ್ಗವಾಗಿ ಮುಂಬಯಿಗೆ ಬಂದವನು ಇಲ್ಲೇ ಉಳಿದೆ. ಬರುವಾಗ ಟ್ರಂಕಿನಲ್ಲಿದ್ದ ನಾಲ್ಕಾರು ಪುಸ್ತಕಗಳಲ್ಲಿ ಪೂರ್ಣಚಂದ್ರ ತೇಜಸ್ವಿಯವರ ‘ಕರ್ವಾಲೊ’ ಒಂದು. 1980ರಲ್ಲಿ ಬಂದ ಕಾದಂಬರಿ. ಊರು ನೆನಪಾದಾಗಲೆಲ್ಲ ಅದನ್ನು ತೆಗೆದು ಓದುತ್ತಿದ್ದೆ. ಮೂಡಿಗೆರೆಯ ಮಳೆ, ಜೇನು, ಕಾಡು! ಮುಂಬಯಿಯ ಒಂದು ಕೋಣೆಯ ಮನೆಯಲ್ಲಿ ಆ ಪುಟಗಳು ನನಗೆ ತವರಿನ ಉಪ್ಪಿನಕಾಯಿ ಜಾಡಿ ಇದ್ದ ಹಾಗೆ. ಈ ಓದು ತಪ್ಪು ಎಂದು ತಿಳಿಯಲು ಮೂವತ್ತೈದು ವರ್ಷ ಬೇಕಾಯಿತು. ತಿಳಿಸಿಕೊಟ್ಟದ್ದು ಒಂದು ಪಿಕ್‌ನಿಕ್ಕು.

2024ರ ಸೆಪ್ಟೆಂಬರಿನ ಒಂದು ಭಾನುವಾರ ನಮ್ಮ ಕನ್ನಡ ಬಳಗದ ಹದಿನಾಲ್ಕು ಮಂದಿ, ಮೊಮ್ಮಕ್ಕಳನ್ನೂ ಕಟ್ಟಿಕೊಂಡು, ಚಿತ್ರಾನ್ನ, ಅವಲಕ್ಕಿ ಡಬ್ಬಿಗಳ ಸಮೇತ ಆ ಕಾಡಿಗೆ ಹೋದೆವು. ಎಂಟು ವರ್ಷಕ್ಕೊಮ್ಮೆ ಅರಳುವ ಕಾರವಿ ಗಿಡ ಆ ವರ್ಷ ಹೂಬಿಟ್ಟಿತ್ತು. ಇಳಿಜಾರಿನ ತುಂಬ ನೇರಳೆ ಬಣ್ಣ, ಅದರ ಮೇಲೆಲ್ಲ ಜೇನುಹುಳ. ಮಕ್ಕಳಿಗೆ ಹೂವಿನ ಮೇಲೆ ಗಮನವೇ ಇಲ್ಲ. “ಚಿರತೆ ಎಲ್ಲಿ? ಎಷ್ಟು ಹೊತ್ತಿಗೆ ಬರ್ತದೆ?” ಇದೊಂದೇ ಪ್ರಶ್ನೆ, ಅದೇನು ಮಧ್ಯಾಹ್ನದ ಲೋಕಲ್ ಟ್ರೇನೋ ಎಂಬಂತೆ!

ನಮ್ಮ ಗೈಡು ಅಲ್ಲಿನ ಪಾಡಾದಲ್ಲೇ ಹುಟ್ಟಿ ಬೆಳೆದ ಹುಡುಗ. ಚಿರತೆ ತೋರಿಸುತ್ತೇನೆ ಎಂದು ಅವನು ಒಮ್ಮೆಯೂ ಹೇಳಲಿಲ್ಲ. ಹಳ್ಳದ ಬದಿಯ ಹಸಿಮಣ್ಣಿನಲ್ಲಿ ಎರಡು ಹೆಜ್ಜೆ ತೋರಿಸಿದ. ಒಂದರಲ್ಲಿ ಉಗುರಿನ ಗುರುತು, ಅದು ನಾಯಿ. ಇನ್ನೊಂದರಲ್ಲಿ ಉಗುರೇ ಇಲ್ಲ. ಚಿರತೆ ನಡೆಯುವಾಗ ಉಗುರನ್ನು ಒಳಗೆಳೆದುಕೊಳ್ಳುತ್ತದೆ. ಮುಂದೆ ಒಂದು ಮರದ ತೊಗಟೆಯ ಮೇಲೆ ಉದ್ದುದ್ದ ಪರಚಿದ ಗೆರೆ. ಆಮೇಲೆ ವಾಘೋಬಾ ದೇವರ ಕತೆ. ನಮ್ಮ ಕರಾವಳಿಯ ಪಿಲಿಚಾಮುಂಡಿ ನೆನಪಾಗಿ ನಾನು ಸುಮ್ಮನೆ ಕೈಮುಗಿದೆ.

ಅಷ್ಟರಲ್ಲಿ ಮರದ ತುದಿಯಲ್ಲಿ ಒಂದು ಕರಿಹಕ್ಕಿ. ಬಾಲದಲ್ಲಿ ಎರಡು ತಂತಿ, ತಂತಿಯ ಕೊನೆಗೆ ಒಂದೊಂದು ಗರಿ. ಒಂಬತ್ತು ವರ್ಷದ ಮೊಮ್ಮಗ ಕೇಳಿದ: “ಅಜ್ಜಾ, ಇದಕ್ಕೆ ಕನ್ನಡದಲ್ಲಿ ಏನಂತಾರೆ?” ನಾನು ಗೈಡಿನ ಮುಖ ನೋಡಿದೆ. ಅವನು ಅದು ಕೋತವಾಲನ ಜಾತಿ ಅಂದ. ಮೊಮ್ಮಗ ಬಿಡಲಿಲ್ಲ: “ಅದು ಮರಾಠಿ ಆಯ್ತು. ನೀನು ಕಾಡಿನ ಊರಿನವನು ಅಂತೀಯಲ್ಲ, ನಿಂಗೆ ಗೊತ್ತಿಲ್ವಾ?”

ಹಿಂದಿನಿಂದ ಶಿರಸಿ ಕಡೆಯ ನಮ್ಮ ಅತ್ತಿಗೆ ಹೇಳಿದರು: “ಭೀಮರಾಜ ಅಲ್ದಾ ಭಾವ? ಕಾಜಾಣದ ಜಾತಿ.” ಕಾಜಾಣ! ಕುವೆಂಪು ಕಾವ್ಯದಲ್ಲಿ ಎಷ್ಟು ಸಲ ಬಂದ ಶಬ್ದ! ರಾಜ್ಯೋತ್ಸವದ ವೇದಿಕೆಗಳಲ್ಲಿ ಅದನ್ನು ಉಚ್ಚರಿಸಿ ಚಪ್ಪಾಳೆ ಗಿಟ್ಟಿಸಿದವನು ನಾನು. ಆ ಹಕ್ಕಿ ಯಾವುದು ಎಂದು ತಲೆಯೆತ್ತಿ ನೋಡಿರಲಿಲ್ಲ. ಊರಲ್ಲಿದ್ದಾಗಲೂ ನೋಡಿರಲಿಲ್ಲ, ಇಲ್ಲಿಯೂ ಇಲ್ಲ. ಬೊರಿವಲಿ ಸ್ಟೇಷನ್ನಿನಿಂದ ನಿತ್ಯ ಆಫೀಸಿಗೆ ಹೋಗಿಬಂದವನು ಈ ಗೇಟಿನೊಳಗೆ ಕಾಲಿಟ್ಟದ್ದು ಅದೇ ಮೊದಲು.

ಆ ರಾತ್ರಿ ‘ಕರ್ವಾಲೊ’ ಮತ್ತೆ ತೆರೆದೆ. ನಾನೇನೂ ಸಾಹಿತ್ಯ ವಿಮರ್ಶಕನಲ್ಲ, ಎಂ.ಕಾಂ. ಓದಿದವನು. ಆದರೂ ಒಂದು ಬ್ಯಾಲೆನ್ಸ್ ಶೀಟನ್ನು ಎರಡನೇ ಸಲ ನೋಡಿದಾಗ ಕಾಣುವಂಥದು ಇಲ್ಲಿಯೂ ಕಂಡಿತು. ಈ ಕಾದಂಬರಿಯಲ್ಲಿ ಊರಿಗಾಗಿ ಹಂಬಲಿಸುವವರು ಯಾರೂ ಇಲ್ಲ. ಎಲ್ಲರೂ ಕಣ್ಣೆದುರಿನದನ್ನು ನೋಡುವವರು. ಕರ್ವಾಲೊ ದೊಡ್ಡ ವಿಜ್ಞಾನಿ, ಆದರೆ ಹಾರುವ ಓತಿಯ ಜಾಡು ಹಿಡಿಯಲು ಅವರಿಗೆ ಮಂದಣ್ಣನ ಕಣ್ಣೇ ಬೇಕು. ಮಂದಣ್ಣನಿಗೆ ಡಿಗ್ರಿಯಿಲ್ಲ, ನೆಟ್ಟಗೊಂದು ನೌಕರಿಯಿಲ್ಲ. ಊರವರ ಲೆಕ್ಕದಲ್ಲಿ ಉಂಡಾಡಿ. ಬೊರಿವಲಿಯ ಆ ಹುಡುಗನನ್ನು ನೋಡಿದ ಮೇಲೆ ಮಂದಣ್ಣ ನನಗೆ ಸರಿಯಾಗಿ ಅರ್ಥವಾದ.

ನಮ್ಮ ಬಳಗದ ಕೆಲವರು ಈ ಪುಸ್ತಕದ ಮೇಲೆ ಒಂದು ದೂರು ಹೇಳುವುದುಂಟು. ಜೇನು, ಮದುವೆ, ಕಳ್ಳಭಟ್ಟಿ, ಕೋರ್ಟು ಎಂದು ಸುತ್ತಿ ಸುತ್ತಿ ಓತಿ ಬರುವ ಹೊತ್ತಿಗೆ ಪುಸ್ತಕ ಮುಗಿಯುತ್ತ ಬಂದಿರುತ್ತದಂತೆ. ನಾನೂ ಹಿಂದೆ ತಲೆಯಾಡಿಸಿದ್ದೆ. ಈಗ ಒಪ್ಪುವುದಿಲ್ಲ. ಜಾಡು ಹಿಡಿಯುವುದೆಂದರೆ ಹಾಗೆಯೇ. ಜನರ ಅಂಗಳ ದಾಟದೆ ಕಾಡಿಗೆ ಹೋಗುವ ದಾರಿಯಿಲ್ಲ. ಟಿಕೆಟು ಕೊಟ್ಟು, ಜೀಪು ಹತ್ತಿ, “ಹುಲಿ ಗ್ಯಾರಂಟಿನಾ?” ಎಂದು ಕೇಳುವ ಇವತ್ತಿನ ನಮ್ಮ ಪ್ರವಾಸಗಳಿಗೆ ಆ ಮೊದಲರ್ಧವೇ ಒಳ್ಳೆಯ ಔಷಧ. ಕೊನೆಗೆ ಆ ಓತಿ ಕೈಗೆ ಸಿಗದೆ ಕಣಿವೆಗೆ ತೇಲಿಹೋಗುತ್ತದಲ್ಲ, ಅದೂ ಸರಿಯೇ. ನಾವು ಚಿರತೆ ಕಾಣದೆ ಬಂದೆವು, ಮಕ್ಕಳ ಮುಖ ಬಾಡಿತ್ತು. ಆದರೆ ವಾರವಿಡೀ ನನ್ನ ಮೊಮ್ಮಗ ಬಿಲ್ಡಿಂಗಿನ ಕೆಳಗಿನ ಮಣ್ಣಿನಲ್ಲಿ ನಾಯಿಯ ಹೆಜ್ಜೆ, ಬೆಕ್ಕಿನ ಹೆಜ್ಜೆ ಎಂದು ಹುಡುಕುತ್ತಿದ್ದ.

ಎರಡು ತಕರಾರುಗಳನ್ನು ಮಾತ್ರ ಹೇಳಲೇಬೇಕು. ಒಂದು, ಹಾರುವ ಓತಿ ಕಾದಂಬರಿಯಲ್ಲಿ ಕಾಣುವಷ್ಟು ಅಪರೂಪದ, ಯುಗಾಂತರದ ಪ್ರಾಣಿ ಅಲ್ಲ. ವಿಜ್ಞಾನಿಗಳು ಅದಕ್ಕೆ ಹೆಸರಿಟ್ಟದ್ದು 1837ರಲ್ಲಿ. ಮಲೆನಾಡಿನ ಅಡಿಕೆ ತೋಟಗಳಲ್ಲಿ ಇರುವೆ ತಿನ್ನುತ್ತ, ಪಕ್ಕೆಲುಬಿನ ಮೇಲಿನ ಚರ್ಮ ಬಿಡಿಸಿ ಮರದಿಂದ ಮರಕ್ಕೆ ತೇಲುತ್ತ ಇವತ್ತೂ ಇದೆ. ತೋಟದಲ್ಲೇ ಇರುವುದನ್ನು ಅಷ್ಟು ದೂರದ ಅದ್ಭುತ ಮಾಡಿದ್ದರಿಂದ, ಅದ್ಭುತ ಯಾವಾಗಲೂ ದಟ್ಟಕಾಡಿನ ಆಚೆಗಿದೆ ಎಂಬ ಭ್ರಮೆ ನನ್ನಂಥ ಓದುಗನಿಗೆ ಹುಟ್ಟಿತೇನೋ. ಎರಡನೆಯದು, ಹುಡುಕಿಕೊಂಡು ಹೋದವರ ಗುಂಪು. ಕರ್ವಾಲೊ, ಪ್ರಭಾಕರ, ಕರಿಯಪ್ಪ ಎಲ್ಲ ಗಂಡಸರೇ, ನಾಯಿ ಕಿವಿಗೂ ಜಾಗವುಂಟು, ಹೆಂಗಸರು ಮನೆಯಲ್ಲೇ. ನಮ್ಮ ಗುಂಪಿನಲ್ಲಿ ಹಕ್ಕಿಯ ಹೆಸರು ಬಲ್ಲವರು ಅತ್ತಿಗೆ ಒಬ್ಬರೇ ಎಂದು ನೆನೆದಾಗ ಈ ಕೊರತೆ ದೊಡ್ಡದಾಗಿಯೇ ಕಾಣುತ್ತದೆ.

ಈಗ ಭಾನುವಾರ ಬೆಳಿಗ್ಗೆ ಮೊಮ್ಮಗನಿಗೆ ‘ಕರ್ವಾಲೊ’ ಓದಿ ಹೇಳುತ್ತಿದ್ದೇನೆ. ಅವನಿಗೆ ಕನ್ನಡ ಮಾತು ಬರುತ್ತದೆ, ಅಕ್ಷರ ಬರುವುದಿಲ್ಲ. ಪಕ್ಕದಲ್ಲಿ ಒಂದು ಹಳೆಯ ಲೆಡ್ಜರು ಇಟ್ಟುಕೊಂಡು ಎರಡು ಕಾಲಂ ಎಳೆದಿದ್ದೇವೆ, ಕನ್ನಡ, ಮರಾಠಿ. ಮುಳ್ಳುಹಂದಿ, ಸಾಳಿಂದರ್. ಚಿರತೆ, ಬಿಬಟ್ಯಾ. ಕೆಂಬೂತ, ಭಾರದ್ವಾಜ. ಈ ಕೆಂಬೂತನನ್ನು ಕಂಡರೆ ಮರಾಠಿಗರು ಶುಭಶಕುನ ಎನ್ನುತ್ತಾರೆ. ನಾವೋ, ನವಿಲನ್ನು ನೋಡಿ ಪುಕ್ಕ ಕಿತ್ತುಕೊಂಡ ಹಕ್ಕಿ ಎಂದು ಗಾದೆ ಮಾಡಿ ನಗುತ್ತೇವೆ. ಹಕ್ಕಿ ಒಂದೇ, ನಮ್ಮ ಹೊಸ್ತಿಲಲ್ಲಿ ಅದಕ್ಕೆ ಸಿಗುವ ಮರ್ಯಾದೆ ಬೇರೆ.

ಲೆಡ್ಜರಿನಲ್ಲಿ ಕನ್ನಡದ ಕಾಲಂ ಇನ್ನೂ ಅರ್ಧ ಖಾಲಿ. ಅತ್ತಿಗೆಗೆ ವಾರಕ್ಕೊಂದು ಫೋನು ಹೋಗುತ್ತದೆ. ಕಾರವಿ ಮತ್ತೆ ಅರಳುವುದು 2032ಕ್ಕೆ. ಆಗ ಮೊಮ್ಮಗನಿಗೆ ಹದಿನೇಳು. ಅಷ್ಟರೊಳಗೆ ಬಾಕಿ ತೀರಿಸಬೇಕು.